ಬಿಸಿಯಾಗಲಿ

ಯಾರೂ ಬಂದು ಬೇರಿಂಗ್ ಹೋಗಿದೆ ಅನ್ನುವುದಿಲ್ಲ.
ಬಾಯಲ್ಲೇ ಸದ್ದು ಮಾಡಿ ತೋರಿಸುತ್ತಾರೆ.
ಕಬಾಲೆಯ ಬೋಡಾ ಸ್ಟ್ಯಾಂಡಿನ ಹಿಂದೆ, ತಗಡಿನ ಮಾಡಿನ ಕೆಳಗೆ,
ಗುಡ್ಡದ ಮಂಜು ಇನ್ನೂ ಏಳದ ಹೊತ್ತಿಗೆ
ಮೀಸೆ ಹೊತ್ತ ಗಂಡಸರು ತುಟಿ ಉಬ್ಬಿಸಿ
ಟಿಕಿಟಿಕಿ, ಚರಚರ, ಲೊಟಲೊಟ ಅನ್ನುತ್ತ
ನನ್ನ ಮುಂದೆ ಮಕ್ಕಳಾಗುತ್ತಾರೆ.

ಟಿಕಿಟಿಕಿಗೆ ಹೆದರಬೇಕಿಲ್ಲ. ಟ್ಯಾಪೆಟ್ಟು.
ಕೂದಲೆಳೆಯಷ್ಟು ಸಂದು ಹೆಚ್ಚಿದೆ, ಅಷ್ಟೆ.
ಚರಚರ ಅಂದದ್ದು ಆಕ್ಸಿಲರೇಟರ್ ತಿರುವಿದಾಗ ಸುಮ್ಮನಾದರೆ
ಒಳಗಿನ ಚೈನು ಸಡಿಲ.
ಒಮ್ಮೆ ವಾರವಿಡೀ ಕಾಡಿದ ಗಲಗಲ
ಸೈಲೆನ್ಸರಿನ ಮುಚ್ಚಿಗೆಯಲ್ಲಿ ಸಿಕ್ಕಿಕೊಂಡ ನೂರರ ನಾಣ್ಯ.
ಪಾದ್ರಿಯವರ ಗಾಡಿ. ಕಾಣಿಕೆಯದೋ ಏನೋ, ಕೇಳಲಿಲ್ಲ.

ಜಕಾಯೊ ಮುದುಕ ಕಲಿಸಿದ್ದು ಇಷ್ಟೇ:
ಉದ್ದ ಸ್ಕ್ರೂಡ್ರೈವರಿನ ಮೊನೆ ಎಂಜಿನ್ನಿಗೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ.
"ಕಣ್ಣು ಮುಚ್ಚಬೇಡ ಹುಡುಗಿ,
ಮುಚ್ಚಿದರೆ ನಿನ್ನ ಸದ್ದೇ ನಿನಗೆ ಕೇಳುತ್ತೆ."

ತುರ್ಯತುಂಗ ಬಂದ ದಿನ ಬಾಯಿ ತೆರೆಯಲಿಲ್ಲ.
ಬೆರಳ ಗೆಣ್ಣಿನಿಂದ ಬೆಂಚು ಕುಟ್ಟಿದ:
ಡೊಗ್. ಡೊಗ್. ಡೊಗ್.
"ಏರಿನಲ್ಲಿ ಮಾತ್ರ. ಹಿಂದೆ ಆಲೂಗಡ್ಡೆ ಮೂಟೆ ಇದ್ದಾಗ."
ಮೂಟೆಯ ಬದಲು ನಾನೇ ಕೂತೆ.
ಕಟೂನಾ ರಸ್ತೆಯ ಎರಡನೇ ತಿರುವಿನಲ್ಲಿ
ಕಿವಿಗಿಂತ ಮೊದಲು ತೊಡೆಗೆ ತಿಳಿಯಿತು:
ರಾಡಿನ ಬುಡದ ಬೇರಿಂಗ್. ಕ್ರ್ಯಾಂಕ್ ಪೂರ್ತಿ ಬಿಚ್ಚಬೇಕು.
ಎಷ್ಟಾಗುತ್ತದೆಂದು ಹೇಳಿದೆ. ಅವನು ಕಣಿವೆಯ ಕಡೆ ನೋಡಿದ.
"ಹಾಗಾದರೆ ಮಾರುತ್ತೇನೆ. ಸದ್ದೊಂದು ಅಡಗಿಸಿಕೊಡು."

ಅಡಗಿಸುವುದು ಕಷ್ಟವೇನಲ್ಲ.
ತೆಳು ಎಣ್ಣೆ ಬಸಿದು, ಲಾರಿಯ ಗೇರ್‌ಬಾಕ್ಸಿಗೆ ಹಾಕುವ
ಕಾಕಂಬಿಯಂಥ ಎಣ್ಣೆ ಸುರಿದರೆ
ಸವೆದ ಕಬ್ಬಿಣ ಕಬ್ಬಿಣದ ಮೇಲೆ
ಹಾಸಿಗೆಗೆ ಬಿದ್ದ ಹಾಗೆ ಬೀಳುತ್ತದೆ.
ಹತ್ತು ಸಾವಿರ ಶಿಲ್ಲಿಂಗು ಕೊಟ್ಟ. ತೆಗೆದುಕೊಂಡೆ.
ಇದನ್ನು ಬೇರೆ ಯಾರದೋ ಕತೆ ಮಾಡಿ ಹೇಳಬಹುದಿತ್ತು.

ಮರುದಿನ ನಾಲ್ಕಕ್ಕೆ ಹುಡುಗ ಬಂದ, ನಿವಗಾಬ.
ನೋಟುಗಳನ್ನು ಕಾಲುಚೀಲದಲ್ಲಿ ತುಂಬಿ ಗಂಟು ಹಾಕಿದ್ದ.
ತುರ್ಯತುಂಗ ಕಿಕ್ ಹೊಡೆದ. ಬೆಣ್ಣೆ.
ಹುಡುಗ ತಲೆ ವಾಲಿಸಿದ,
ಬಲ್ಲವರು ವಾಲಿಸುವುದನ್ನು ಎಲ್ಲೋ ನೋಡಿದ್ದನಲ್ಲ, ಹಾಗೆ.
"ಸದ್ದಿಲ್ಲ ಅಲ್ವಾ ಅಕ್ಕ?"

ಇಲ್ಲ ಅಂದೆ. ಸುಳ್ಳಲ್ಲ, ಇರಲಿಲ್ಲ.
ಚಿಂದಿಯಲ್ಲಿ ಕೈ ಒರೆಸಿಕೊಂಡೆ, ಎರಡು ಸಲ.
"ಆಫ್ ಮಾಡಬೇಡ, ಓಡುತ್ತಿರಲಿ."
ಮೂರು ಲೋಟ ಒಬುಶೇರ ತರಿಸಿದೆ,
ಜೋಳದ್ದು, ಚೆನ್ನಾಗಿ ಹುಳಿ ಬಂದದ್ದು.
ಅವರಮ್ಮ ಯಾವೂರವಳು ಅಂತ ಕೇಳಿದೆ.
ಸರಿಯಾಗಿದ್ದ ಟೈರಿಗೆ ಗಾಳಿ ಹಾಕಿದೆ,
ಬಿಗಿಯಾಗಿದ್ದ ಬೋಲ್ಟು ಬಿಗಿದೆ.
ಒಳಗೆ ಎಣ್ಣೆ ಬಿಸಿಯಾಗುತ್ತ, ನೀರಾಗುತ್ತ ಬಂತು.
ತುರ್ಯತುಂಗನಿಗೆ ಅರ್ಥವಾಗಿತ್ತು;
ಲೋಟದ ತಳ ನೋಡುತ್ತ ಕೂತಿದ್ದ.
"ಈಗ ಈ ಮೂಟೆ ಕಟ್ಟಿಕೋ," ಅಂದೆ ಹುಡುಗನಿಗೆ,
"ಏರಿನ ತುದಿ ಮುಟ್ಟಿ ಬಾ."

ಹೋದ. ಲಾರಿಗಳ ನಡುವೆ ಅವನ ಸದ್ದು ಕಳೆದುಹೋಯಿತು.
ಹತ್ತು ಸಾವಿರವನ್ನು ಬೆಂಚಿನ ಮೇಲಿಟ್ಟೆ.
ತುರ್ಯತುಂಗ ಮುಟ್ಟಲಿಲ್ಲ.
ಹದಿಮೂರರ ಸ್ಪ್ಯಾನರು ಹುಡುಕಿ ಅದರ ಮೇಲಿಟ್ಟ,
ಗಾಳಿಗೆ ಹಾರದಿರಲೆಂದು.

ಹುಡುಗ ಇಳಿಜಾರಿನಲ್ಲಿ ಎಂಜಿನ್ ಆರಿಸಿಕೊಂಡು ಬಂದ.
ಸ್ಟ್ಯಾಂಡ್ ಹಾಕಿದ. ಜೇಬಿನ ಗಂಟು ಮುಟ್ಟಿ ನೋಡಿಕೊಂಡ.
ಏನಾಯಿತು ಅಂತ ನಾನು ಕೇಳಲಿಲ್ಲ.
ನನ್ನ ಮುಂದೆ ನಿಂತು ತುಟಿ ಉಬ್ಬಿಸಿದ,
ಸರಿಬರಲಿಲ್ಲ,
ಉಗುಳು ನುಂಗಿ
ಇನ್ನೊಮ್ಮೆ ಉಬ್ಬಿಸಿದ.